ಸೊಸೆಯ ತಲೆನೋವು, ನನ್ನ ಹೆಬ್ಬೆರಳು

"ಅತ್ತೆ, ಇಸ್ತ್ರಿ ಪೆಟ್ಟಿಗೆ ಆಚೆ ಇಡಿ, ಬಂದು ಇಲ್ಲಿ ಕೂತ್ಕೊಳ್ಳಿ. ನರ್ಸಮ್ಮ ನಂಗೆ ಹೇಳಿದ್ದನ್ನ ನಿಮಗೆ ಹಾಗ್ಹಾಗೇ ಹೇಳ್ತೀನಿ. ಇಷ್ಟು ವರ್ಷ ನುಂಗೋ ಮಾತ್ರೆ ನುಂಗಿದ್ದಾಯ್ತಲ್ಲ. ಈ ಮೈಗ್ರೇನ್ ಬಂದಾಗ ಹೊಟ್ಟೆ ಮುಷ್ಕರ ಹೂಡಿಬಿಡುತ್ತಂತೆ. ಮಾತ್ರೆ ಒಳಗೆ ಹೋಗಿ ಸುಮ್ನೆ ಕೂತಿರುತ್ತೆ, ಇಲ್ಲಾ ವಾಪಸ್ ಬರುತ್ತೆ. ಅದಕ್ಕೇ ಹೊಟ್ಟೆ ಸಹವಾಸವೇ ಬೇಡ ಅಂತ ಬೇರೆ ದಾರಿ ಮಾಡಿದ್ದಾರೆ. ನೋಡಿ, ಮೂರು ಡಬ್ಬಿ. ನೀಲಿ ಡಬ್ಬೀಲಿರೋದು ಮೂಗಿಗೆ ಹೊಡೆಯೋ ಸ್ಪ್ರೇ. ಒಳಗಿರೋದು ಒಂದೇ ಸಲಕ್ಕಾಗೋ ಔಷಧಿ. ಒಂದ್ಸಲ ಒತ್ತಿದ್ರೆ ಮುಗೀತು. ಬರುತ್ತೋ ಇಲ್ಲವೋ ಅಂತ ಒತ್ತಿ ನೋಡೋ ಹಾಗಿಲ್ಲ. ಹಸಿರು ಡಬ್ಬೀಲಿ ನಾಲಿಗೆ ಮೇಲೆ ಕರಗೋ ಮಾತ್ರೆ. ನೀರು ಬೇಡ. ಹಿಂದಿನ ಹಾಳೆ ಸುಲಿದು ಒಣಗಿದ ಕೈಯಲ್ಲಿ ತೆಗೀಬೇಕು. ಒದ್ದೆ ತಾಗಿದ್ರೆ ಅಲ್ಲೇ ಕರಗಿಬಿಡುತ್ತೆ. ಕೆಂಪು ಡಬ್ಬೀಲಿ ಪೆನ್ನಿನ ಥರದ ಇಂಜೆಕ್ಷನ್. ಸೂಜಿ ಕಣ್ಣಿಗೆ ಬೀಳಲ್ಲ, ಒಳಗೆ ಅಡಗಿರುತ್ತೆ. ಮುಚ್ಚಳ ತೆಗೆದು ಆ ತುದೀನ ತೊಡೆಗೆ ಅದುಮಿ ಹಿಡಿದ್ರೆ ಟಕ್ ಅಂತ ಔಷಧಿ ಒಳಗೆ. ಮೂರರಲ್ಲಿ ಯಾವುದು ನಂಗೆ ಒಗ್ಗುತ್ತೋ ನೋಡೋಣ ಅಂತ ಡಾಕ್ಟರು ಕೊಟ್ಟಿದ್ದಾರೆ. ಒಂದು ನೋವಿಗೆ ಒಂದೇ ಡಬ್ಬಿ. ಒಂದರ ಮೇಲೊಂದು ಹಾಕ್ಬಾರದು. ಮೊದಲು ಸ್ಪ್ರೇ ನೋಡೋಣ. ನೋವು ಶುರುವಾಯ್ತು ಅಂದ ತಕ್ಷಣ ಔಷಧಿ ಹೋಗಬೇಕು. ಆ ಹೊತ್ತಿಗೆ ನಂಗೆ ಅರ್ಧ ಕಣ್ಣು ಕಾಣಲ್ಲ, ಬೆರಳು ಜೋಮು ಹಿಡಿದಿರುತ್ತೆ. ಅದಕ್ಕೇ ನಿಮಗೆ ಹೇಳ್ತಿರೋದು. ಗೊತ್ತಾಯ್ತಾ ಅತ್ತೆ?"

ಗೊತ್ತಾಗದೆ ಏನು? ನಾನು ಒಂದಕ್ಷರವೂ ಬಿಡದೆ ಅಷ್ಟನ್ನೂ ತಿರುಗಿ ಒಪ್ಪಿಸಿದೆ. ನೀಲಿ, ಹಸಿರು, ಕೆಂಪು. ಮೂಗು, ನಾಲಿಗೆ, ತೊಡೆ. ಒತ್ತಿ ನೋಡಬಾರದು, ಒದ್ದೆ ಮಾಡಬಾರದು, ಒಂದರ ಮೇಲೊಂದು ಹಾಕಬಾರದು. ಹೊಟ್ಟೆಯ ಮುಷ್ಕರವನ್ನೂ ಬಿಡಲಿಲ್ಲ. ಸೊಸೆ ಬೆರಗಾದಳು.

ಇದರಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಮ್ಮದು ಇಸ್ತ್ರಿ ಅಂಗಡಿ. ನಲವತ್ತೊಂದು ವರ್ಷದಿಂದ ನಾನು ಇಸ್ತ್ರಿ ಹಾಕುವುದು, ಯಜಮಾನರು ಮಡಚುವುದು. ಯಾರ ಅಂಗಿ, ಯಾವ ಗುಂಡಿ ಸಡಿಲ, ಯಾರಿಗೆ ತೋಳಿನ ಮೇಲೆ ಗೆರೆ ಬೇಕು, ಯಾರಿಗೆ ಬೇಡ, ಯಾರದ್ದು ನಾಡಿದ್ದು ಬೆಳಿಗ್ಗೆ ಏಳಕ್ಕೇ ಬೇಕು, ಇದೆಲ್ಲವನ್ನೂ ನಾನು ಒಂದು ಚೀಟಿಯಲ್ಲೂ ಬರೆದವಳಲ್ಲ. ಕೇಳಿಸಿಕೊಂಡೆನೆಂದರೆ ಕಿವಿಯಲ್ಲಿ ಇಟ್ಟುಕೊಂಡೆನೆಂದೇ ಅರ್ಥ. ಆದ್ದರಿಂದ ಅವತ್ತು ನಾನು ಮೂರೂ ಡಬ್ಬಿಗಳನ್ನು ಎತ್ತಿಕೊಂಡು ನೂಲಿನ ಡಬ್ಬದ ಪಕ್ಕದ ಗೂಡಿನಲ್ಲಿ ಸಾಲಾಗಿ ಇಟ್ಟು ಘೋಷಣೆ ಮಾಡಿದೆ:

"ಇವತ್ತಿನಿಂದ ಈ ಮನೆಯ ಆರೋಗ್ಯ ಖಾತೆ ನಂದು. ಯಾರೂ ಕೈ ಹಾಕ್ಬೇಡಿ."

ಯಜಮಾನರು ಒಂದು ಹೊದಿಕೆಯನ್ನು ನಾಲ್ಕು ಮಡಿಕೆ ಮಾಡುತ್ತಾ, "ಒಳಗೆ ಕಾಗದ ಒಂದು ಇರುತ್ತೆ. ಓದಿ ಇಟ್ಕೊಂಡಿರ್ತೀನಿ," ಎಂದರು.

"ನೀವು ಓದಿ ಮುಗಿಸೋ ಹೊತ್ತಿಗೆ ನೋವು ಬೇಜಾರಾಗಿ ತಾನೇ ಎದ್ದು ಹೋಗಿರುತ್ತೆ."

"ಹೋದ್ರೆ ಒಳ್ಳೇದೇ ಅಲ್ವಾ," ಎಂದು ಅವರು ಹಸಿರು ಡಬ್ಬಿಯ ಕಾಗದವನ್ನು ಬಿಚ್ಚಿದರು. ಆ ಕಾಗದ ಮೇಜಿನಷ್ಟು ಅಗಲ. ಅದನ್ನು ಹದಿನಾರು ಮಡಿಕೆ ಮಾಡಿ ಬೆರಳಷ್ಟು ಡಬ್ಬಿಯಲ್ಲಿ ತುರುಕಿದ್ದರು. ಓದುವುದಕ್ಕಿಂತ ಅದನ್ನು ಮಡಚಿದ ರೀತಿಯೇ ಅವರಿಗೆ ಹಿಡಿಸಿತೆಂದು ಕಾಣುತ್ತದೆ. ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು.

ಸೊಸೆಯ ವಿಷಯ ಹೇಳಬೇಕು. ಅವಳು ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದಲ್ಲಿ ಪ್ರಕಟಣೆ ಹೇಳುವವಳು. ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರ್ಮು, ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾರ ಚೀಲ ಎಲ್ಲಿ ಸಿಕ್ಕಿದೆ, ಇವೆಲ್ಲ. ಮಗನೂ ಬಸ್ಸಿನವನೇ, ದೂರದ ದಾರಿಯ ಚಾಲಕ, ವಾರಕ್ಕೆ ಎರಡು ದಿನ ಮನೆಯಲ್ಲಿ ಕಂಡರೆ ಹೆಚ್ಚು. ಸೊಸೆಯದು ಇನ್ನೂ ಪರೀಕ್ಷಾರ್ಥ ನೌಕರಿ. ಆರು ತಿಂಗಳಲ್ಲಿ ಎರಡು ಸಲ ತಲೆನೋವೆಂದು ರಜೆ ಹಾಕಿದ್ದಳು. ಮೂರನೇ ಸಲ ರಜೆ ಹಾಕದೆ ಹೋಗಿದ್ದೇ ತಪ್ಪಾಯಿತು. ತಲೆನೋವಿನ ಭರದಲ್ಲಿ ಎರಡನೇ ಪ್ಲಾಟ್‌ಫಾರ್ಮನ್ನು ಐದು ಎಂದು, ಐದನ್ನು ಎರಡು ಎಂದು ಹೇಳಿಬಿಟ್ಟಳು. ಒಂದು ಮದುವೆ ಮನೆಗೆ ಹೊರಟಿದ್ದ ಮೂವತ್ತು ಜನ ಹೋಗಿ ಒಂದು ಸಿಮೆಂಟು ಕಾರ್ಖಾನೆಯ ಮುಂದೆ ಇಳಿದರು.

ಮೇಲಿನ ಅಧಿಕಾರಿ ಅವಳನ್ನು ಕರೆದು ಮೃದುವಾಗಿಯೇ ಹೇಳಿದರಂತೆ. ಬರುವ ಗುರುವಾರ ಹನ್ನೊಂದು ಗಂಟೆಗೆ ತಾವೇ ಬಂದು ಕೂತು ಅವಳು ಹೇಳುವುದನ್ನು ಕೇಳುತ್ತಾರೆ. ಸರಿಯಾಯಿತೋ, ಕೆಲಸ ಖಾಯಂ. ಇಲ್ಲದಿದ್ದರೆ ಮುದ್ರಿಸಿದ ಧ್ವನಿಯ ಯಂತ್ರ ತರಿಸುತ್ತಾರೆ. ಯಂತ್ರಕ್ಕೆ ತಲೆಯೇ ಇಲ್ಲ, ನೋವೆಲ್ಲಿಂದ ಬರಬೇಕು.

ಗುರುವಾರ ಬಂತು. ಬೆಳಿಗ್ಗೆ ಏಳೂಮುಕ್ಕಾಲಿಗೆ ನಾನು ಒಂದು ಕೋಟಿನ ಹೆಗಲು ತಿದ್ದುತ್ತಿದ್ದೆ. ಸೊಸೆ ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆಯನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ನಿಂತಳು.

"ಅತ್ತೆ, ಬಂತು."

"ಯಾರು?"

"ಅದೇ. ಎಡಗಣ್ಣಲ್ಲಿ ಗರಗಸದ ಹಲ್ಲಿನ ಥರ ಮಿಂಚ್ತಾ ಇದೆ. ನಿಮ್ಮ ಮುಖದಲ್ಲಿ ಅರ್ಧಾನೇ ಕಾಣ್ತಾ ಇರೋದು."

ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಕಿಟಕಿಗೆ ದಪ್ಪ ಹೊದಿಕೆ ಇಳಿಬಿಟ್ಟು ಮಲಗಿಸಿದೆ. ಪಕ್ಕದಲ್ಲಿ ಒಂದು ಬೋಗುಣಿ ಇಟ್ಟೆ. "ನೀನು ಏಳ್ಬೇಡ, ಮಾತಾಡ್ಬೇಡ, ಯೋಚನೇನೂ ಮಾಡ್ಬೇಡ. ನಾನಿದ್ದೀನಿ," ಎಂದೆ. ಆ ಗಳಿಗೆಯಲ್ಲಿ ನನ್ನ ಬೆನ್ನು ಎಷ್ಟು ನೆಟ್ಟಗಾಯಿತೆಂದರೆ ಹತ್ತು ವರ್ಷದ ಸೊಂಟ ನೋವು ಸದ್ದಿಲ್ಲದೆ ದಾರಿ ಬಿಟ್ಟಿತು.

ಗೂಡಿನಿಂದ ನೀಲಿ ಡಬ್ಬಿ ತೆಗೆದೆ. ಒಳಗಿನದು ಬೆರಳುದ್ದದ ಬಿಳಿ ಸ್ಪ್ರೇ. ನರ್ಸಮ್ಮನ ಮಾತು, ಸೊಸೆಯ ಬಾಯಿಂದ ಬಂದದ್ದು, ನನ್ನ ಕಿವಿಯಲ್ಲಿ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿತ್ತು. ಒಂದೇ ಸಲದ್ದು. ಒತ್ತಿ ನೋಡುವ ಹಾಗಿಲ್ಲ. ಅದನ್ನು ಬಾಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಬೆಳಕಿಗೆ ಎತ್ತಿ ಹಿಡಿದೆ, ಗಾಳಿಗೆ ಒಂದು ಸಲ ಪುಸ್ ಎಂದು ಒತ್ತಿದೆ.

ಇದನ್ನು ನಂಬದವರು ಒಂದು ದಿನ ನಮ್ಮ ಅಂಗಡಿಗೆ ಬಂದು ನಿಲ್ಲಬೇಕು. ಇಸ್ತ್ರಿಗೆ ಮುಂಚೆ ಬಟ್ಟೆಗೆ ನೀರು ಹೊಡೆಯುವ ಬಾಟಲಿ ಇರುತ್ತದಲ್ಲ, ಅದರ ಮೊದಲನೇ ಹನಿಯಲ್ಲಿ ಕೊಳವೆಯ ಕಿಲುಬು ಇರುತ್ತದೆ. ಅದು ಬಿಳಿ ಅಂಗಿಯ ಮೇಲೆ ಬಿದ್ದರೆ ಅಂಗಿ ಹಾಳು. ಹಾಗಾಗಿ ನಲವತ್ತೊಂದು ವರ್ಷದಿಂದ ನನ್ನ ಕೈ ಯಾವ ಸ್ಪ್ರೇ ಹಿಡಿದರೂ ಮೊದಲನೆಯದನ್ನು ಗಾಳಿಗೆ ಬಿಡುತ್ತದೆ. ಕಿವಿ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಕೈಗೆ ಯಾರೂ ಏನೂ ಹೇಳಿರಲಿಲ್ಲ.

ಗಾಳಿಗೆ ಹೋದ ಔಷಧಿ ಗಾಳಿಯಲ್ಲೇ ಉಳಿಯಲಿಲ್ಲ. ದೀಪದ ಕೆಳಗೆ ಯಜಮಾನರು ಆ ಹದಿನಾರು ಮಡಿಕೆಯ ಕಾಗದ ಹರಡಿಕೊಂಡು ನಿಂತಿದ್ದರು. ಅವರು ಒಂದು ಸಲ ಸೀನಿದರು. ನಾಲಿಗೆಯನ್ನು ತುಟಿಗೆ ತಾಗಿಸಿ ನೋಡಿದರು.

"ಕಹಿ ಇದೆ," ಎಂದರು.

"ಏನು ಕಹಿ?"

"ನನ್ನ ಮೀಸೆ."

ನಾನು ಒಳಗೆ ಓಡಿದೆ. ಇನ್ನೊಂದು ಹನಿಯಾದರೂ ಇದ್ದೀತೆಂದು ಸೊಸೆಯ ಮೂಗಿಗಿಟ್ಟು ಒತ್ತಿದೆ. ಅದು ಅಲ್ಲಾಡಲಿಲ್ಲ. ಆ ಕತ್ತಲಲ್ಲಿ ಸೊಸೆ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಔಷಧಿ ಹೋಯ್ತಾ ಅತ್ತೆ?"

"ಹೋಯ್ತು."

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಹೋಗಿದ್ದಂತೂ ನಿಜ.

"ಗಂಟೆ ಎಷ್ಟು?"

"ಎಂಟು. ಹನ್ನೊಂದಕ್ಕೆ ಇನ್ನೂ ಬೇಕಾದಷ್ಟು ಟೈಮಿದೆ. ಮಲಗು."

"ಅತ್ತೆ, ಇವತ್ತು ಹೋಗ್ದಿದ್ರೆ ಆ ಕುರ್ಚಿ ಮೇಲೆ ಯಂತ್ರ ಇಡ್ತಾರೆ," ಎಂದಳು. ಅಳುವುದಕ್ಕೂ ತಲೆ ಬಿಡುತ್ತಿರಲಿಲ್ಲ ಪಾಪ, ಬರೀ ಮೂಗು ಸೆಳೆದುಕೊಂಡಳು. ಆಮೇಲೆ ಬೋಗುಣಿಯ ಕಡೆ ಬಗ್ಗಿದಳು.

ಅವಳ ಬೆನ್ನು ನೀವಿ ಈಚೆ ಬಂದೆ. ಖಾತೆ ವಹಿಸಿಕೊಂಡವರು ಧೈರ್ಯಗೆಡಬಾರದು. ಒಂದು ನೋವಿಗೆ ಒಂದೇ ಡಬ್ಬಿ ಎನ್ನುವುದು ಕಾನೂನು. ಅವಳ ಒಳಗೆ ಇನ್ನೂ ಯಾವ ಡಬ್ಬಿಯೂ ಹೋಗಿಲ್ಲ. ಹಾಗಾದರೆ ಕಾನೂನು ಮುರಿದಂತಾಗಲಿಲ್ಲ. ಹೀಗೆ ತೀರ್ಪು ಕೊಟ್ಟುಕೊಂಡು ಹಸಿರು ಡಬ್ಬಿಗೆ ಕೈ ಹಾಕಿದೆ.

ಹಿಂದಿನ ಹಾಳೆ ಸುಲಿಯಬೇಕು. ಸುಲಿದೆ. ಒಣಗಿದ ಕೈ ಇರಬೇಕು. ಕೈ ಒರೆಸಿಕೊಂಡೆ. ಮಾತ್ರೆಯನ್ನು ಅಂಗೈ ಮೇಲೆ ಉರುಳಿಸಿಕೊಂಡು ಹುಷಾರಾಗಿ ಆರು ಹೆಜ್ಜೆ ನಡೆದೆ. ಏಳನೇ ಹೆಜ್ಜೆಗೆ ನೋಡುತ್ತೇನೆ, ಅಂಗೈಯಲ್ಲಿ ಸುಣ್ಣ ಬಳಿದಂತೆ ಒಂದು ಬಿಳಿ ಮಚ್ಚೆ ಮಾತ್ರ ಇದೆ.

ನಾನು ಕೈ ಒರೆಸಿಕೊಂಡದ್ದು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಗೆ. ಆ ಬಟ್ಟೆ ಇರುವುದೇ ಬಾಟಲಿಯ ನೀರು ಒರೆಸುವುದಕ್ಕೆ. ಬೆಳಿಗ್ಗೆ ಆರರಿಂದ ರಾತ್ರಿಯವರೆಗೆ ಅದು ಒಣಗಿದ್ದನ್ನು ಯಾರೂ ಕಂಡಿಲ್ಲ. ನನ್ನ ಕೈಯೂ ಹಾಗೆಯೇ. ಒದ್ದೆ ಎಂದರೆ ಹೇಗಿರುತ್ತದೆ ಎನ್ನುವುದೇ ಅದಕ್ಕೆ ಮರೆತು ಹೋಗಿದೆ.

ಸುಲಿದ ಪಟ್ಟಿಯನ್ನು ಸಿಟ್ಟಿನಿಂದ ನೂಲಿನ ಚೂರುಗಳ ಬುಟ್ಟಿಗೆ ಎಸೆದೆ.

ಯಜಮಾನರು ಕಾಗದದಿಂದ ತಲೆ ಎತ್ತಿ, "ಏನಾಯ್ತು?" ಎಂದರು.

"ಏನಿಲ್ಲ. ನೀವು ಓದಿ."

"ಎಂಟನೇ ಮಡಿಕೇಲಿದ್ದೀನಿ."

"ಓದಿ ಓದಿ."

ಉಳಿದದ್ದು ಕೆಂಪು ಡಬ್ಬಿ. ಇಂಜೆಕ್ಷನ್ ಕೊಡುವುದೆಂದರೆ ಸಣ್ಣ ಕೆಲಸವಲ್ಲ. ಹಾಗೆಂದು ಹೆದರಿ ಕೂರಲು ಆಗುತ್ತದೆಯೇ? ಗೋಡೆಯ ಗಡಿಯಾರದಲ್ಲಿ ಎಂಟೂ ಹತ್ತು. ಒಳಗಿನಿಂದ ಬೋಗುಣಿಯ ಸದ್ದು. ಈ ಸಲ ಕೈಯನ್ನು ನಂಬದೆ ಪ್ರತಿ ಮಾತನ್ನೂ ಅದಕ್ಕೆ ಒಪ್ಪಿಸುತ್ತಾ ನಡೆದೆ. ಹೊದಿಕೆ ಸರಿಸಿದೆ. ತೊಡೆಯ ಮೇಲೆ ಜಾಗ ಗುರುತು ಮಾಡಿದೆ. ಮುಚ್ಚಳ ತೆಗೆದೆ. ಪೆನ್ನನ್ನು ತೊಡೆಗೆ ನೆಟ್ಟಗೆ ಇಟ್ಟು ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಿದೆ.

ಟಕ್ ಎಂದಿತು. ಸೊಸೆ ಕಮಕ್ ಕಿಮಕ್ ಅನ್ನಲಿಲ್ಲ. ಎಂಥ ತಾಳ್ಮೆಯ ಹುಡುಗಿ ಎಂದುಕೊಂಡೆ. ಆಮೇಲೆ ಹೆಬ್ಬೆರಳು ಉರಿಯತೊಡಗಿತು.

ಇದಕ್ಕೂ ಕಾರಣ ಅಂಗಡಿಯೇ. ಒತ್ತಿದರೆ ಗಂಜಿ ಹೊಡೆಯುವ ತಗಡಿನ ಡಬ್ಬಿ ಇದೆ ನಮ್ಮಲ್ಲಿ. ಅದರ ಮುಚ್ಚಳ ತೆಗೆದರೆ ಕೆಳಗೆ ಒತ್ತುವ ಗುಂಡಿ. ಮುಚ್ಚಳ ತೆಗೆದ ಕಡೆಯೇ ಹೆಬ್ಬೆರಳು ಹೋಗುವುದು ಎನ್ನುವುದು ಕೈಯ ತೀರ್ಮಾನ. ಆ ತುದಿಯಲ್ಲಿ ಸೂಜಿ ಅಡಗಿದೆ ಎಂದು ಕಿವಿ ಕೂಗಿಕೊಳ್ಳುತ್ತಿತ್ತು. ಕೈ ತನ್ನ ಪಾಡಿಗೆ ತಾನು ಪೆನ್ನನ್ನು ತಲೆಕೆಳಗು ಹಿಡಿದು ಕೆಲಸ ಮುಗಿಸಿತ್ತು. ಮೈಗ್ರೇನಿನ ಔಷಧಿ ನನ್ನ ಹೆಬ್ಬೆರಳ ಮೂಲಕ ಮೈಯೊಳಗೆ ಹೋಗಿತ್ತು. ಅರವತ್ತೊಂಬತ್ತು ವರ್ಷದಲ್ಲಿ ನನಗೆ ಒಂದು ದಿನವೂ ತಲೆನೋವು ಬಂದದ್ದಿಲ್ಲ.

ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಮುಂದಿನ ಕೋಣೆಗೆ ಬಂದೆ. ಯಜಮಾನರು ನನ್ನನ್ನೂ, ಬೆರಳನ್ನೂ, ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿದ್ದ ಮೂರು ಡಬ್ಬಿಗಳನ್ನೂ ನೋಡಿದರು. ಡಬ್ಬಿಯ ಮೇಲೆ ಬರೆದಿದ್ದ ಆಸ್ಪತ್ರೆಯ ನಂಬರಿಗೆ ಫೋನ್ ಹಚ್ಚಿ ಗಟ್ಟಿಯಾಗಿ ಕೇಳಿಸುವ ಗುಂಡಿ ಒತ್ತಿ ನನ್ನ ಮುಂದಿಟ್ಟರು. ನರ್ಸಮ್ಮ ಸಿಕ್ಕಳು. ನಾನು ವಿಷಯ ಹೇಳಿದೆ.

"ಅಮ್ಮಾ, ನಿಧಾನವಾಗಿ ಹೇಳಿ. ಸ್ಪ್ರೇ ಎಲ್ಲಿಗೆ ಹೋಯ್ತು?"

"ಗಾಳಿಗೆ. ಸ್ವಲ್ಪ ನಮ್ಮ ಯಜಮಾನರ ಮೀಸೆಗೆ."

"ಅವರಿಗೇನಾದ್ರೂ ಆಯ್ತಾ?"

"ಒಂದ್ಸಲ ಸೀನಿದ್ರು. ಓದ್ತಾ ಇದ್ದಾರೆ."

"ಮಾತ್ರೆ?"

"ನನ್ನ ಅಂಗೈಯಲ್ಲಿ ಕರಗ್ತು."

"ಇಂಜೆಕ್ಷನ್?"

"ಹೆಬ್ಬೆರಳಿಗೆ."

"ಯಾರ ಹೆಬ್ಬೆರಳಿಗೆ?"

"ನಂದೇ."

ಆ ಕಡೆ ಪುಸ್ತಕ ಮಗುಚಿದ ಸದ್ದಾಯಿತು.

"ಅಮ್ಮಾ, ನಿಮ್ಮ ಮನೇಲಿ ತಲೆನೋವಿರೋದು ಯಾರಿಗೆ?"

"ಸೊಸೆಗೆ."

"ಅವರಿಗೆ ಏನು ಕೊಟ್ರಿ?"

ನಾನು ಯೋಚಿಸಿದೆ. "ಬೋಗುಣಿ," ಎಂದೆ.

ನರ್ಸಮ್ಮ ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಗಲಿಲ್ಲ. ವಯಸ್ಸೆಷ್ಟು, ಬಿ.ಪಿ. ಇದೆಯಾ, ಎದೆ ಹಿಡಿದುಕೊಂಡಂತಿದೆಯಾ ಎಂದು ಒಂದೊಂದಾಗಿ ಕೇಳಿದಳು. ಬಿ.ಪಿ. ಸ್ವಲ್ಪ ಇದೆ, ಎದೆಗೇನೂ ಇಲ್ಲ, ಕುತ್ತಿಗೆ ಮೇಲೆ ಮಾತ್ರ ಯಾರೋ ಬಟ್ಟೆಯ ಗಂಟು ಹೊರಿಸಿದಂತಿದೆ ಎಂದೆ.

"ಈ ಔಷಧಿ ನಿಮ್ಮ ವಯಸ್ಸಿಗೆ ಸುಮ್ಸುಮ್ನೆ ಹೋಗೋದಲ್ಲಮ್ಮ. ಈಗಲೇ ಇಲ್ಲಿಗೆ ಬನ್ನಿ, ಡಾಕ್ಟರು ನೋಡ್ಬೇಕು. ಒಬ್ಬರೇ ಬರ್ಬೇಡಿ."

"ನಾನು ಬರೋದಿರ್ಲಿ ತಾಯಿ, ನನ್ನ ಸೊಸೆ ಗತಿ ಏನು? ಮೂರೂ ಡಬ್ಬಿ ಖಾಲಿ. ಹನ್ನೊಂದಕ್ಕೆ ಅವಳ ಕೆಲಸ ನಿಂತಿದೆ."

ಆಗ ಯಜಮಾನರು ಎದ್ದರು. ನೂಲಿನ ಚೂರುಗಳ ಬುಟ್ಟಿಗೆ ಕೈ ಹಾಕಿ ನಾನು ಎಸೆದಿದ್ದ ಪಟ್ಟಿಯನ್ನು ಎತ್ತಿ, ಅಂಟಿದ್ದ ನೂಲು ಬಿಡಿಸಿ, ಬೆಳಕಿಗೆ ಹಿಡಿದರು.

"ಪಟ್ಟಿಯಲ್ಲಿ ಎರಡು ಇರುತ್ತೆ ಅಂತ ಬರೆದಿದೆ. ಒಂಬತ್ತನೇ ಮಡಿಕೆ. ಎರಡನೇದು ಭದ್ರವಾಗಿದೆ," ಎಂದರು.

"ಅವರಿಗೆ ಬೇರೇನೂ ಒಳಗೆ ಹೋಗಿಲ್ಲ ತಾನೆ? ಹಾಗಿದ್ರೆ ಅದನ್ನ ಕೊಡಿ," ಎಂದಳು ನರ್ಸಮ್ಮ. "ಕೈ ಒಣಗಿರೋರು ಯಾರಿದ್ದೀರಿ ಅಲ್ಲಿ?"

ಯಜಮಾನರು ಫೋನಿನ ಮುಂದೆ ಬಲಗೈ ಎತ್ತಿದರು. ಅವಳಿಗೆ ಕಾಣುವುದಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ನಾನೂ ಹೇಳಲಿಲ್ಲ. ನಲವತ್ತೊಂದು ವರ್ಷ ಬಿಸಿ ಬಟ್ಟೆ ಮಡಚಿದ ಕೈ ಅದು, ಹಪ್ಪಳದ ಹಾಗೆ ಒಣಗಿತ್ತು. ಅಂಗಿಯ ಕಾಲರು ತಿರುಗಿಸುವ ನಾಜೂಕಿನಲ್ಲಿ ಹಾಳೆಯನ್ನು ಸುಲಿದರು. ಒಳಗೆ ಹೋಗಿ, "ಮಗಳೇ, ನಾಲಿಗೆ," ಎಂದರು. ಇಟ್ಟರು. ಬಂದರು. ಇಷ್ಟೇ ಆಗಿದ್ದು. ಒಂದು ನಿಮಿಷವೂ ಹಿಡಿಯಲಿಲ್ಲ.

ಇನ್ನು ನನ್ನನ್ನು ಯಾರು ಕರೆದುಕೊಂಡು ಹೋಗಬೇಕು? ಸೊಸೆಯ ಹತ್ತಿರ ಅವರು ಇರಲೇಬೇಕಿತ್ತು. ಅಷ್ಟರಲ್ಲಿ ಕೋಟು ಕೇಳಿಕೊಂಡು ಗಂಜಿ ಮೇಷ್ಟ್ರು ಬಂದರು. ಇವರು ನಿವೃತ್ತರು. ಇವರಿಗೆ ಅಂಗಿಗೆ ಎಷ್ಟು ಗಂಜಿ ಹಾಕಿದರೂ ಸಾಲದು. ಬೀದಿಯಲ್ಲಿ ಮೊದಲು ಇವರ ಅಂಗಿ ಬರುತ್ತದೆ, ಹಿಂದೆ ಇವರು ಬರುತ್ತಾರೆ. ಯಜಮಾನರು ಕೋಟನ್ನೂ ನನ್ನನ್ನೂ ಒಟ್ಟಿಗೆ ಅವರ ಕೈಗೆ ಒಪ್ಪಿಸಿ, ನನ್ನ ಹೆಬ್ಬೆರಳಿಗೆ ಒಂದು ಮುಷ್ಟಿ ಹತ್ತಿ ಸುತ್ತಿದರು. ಅವರ ಸುತ್ತುವಿಕೆ ಅಚ್ಚುಕಟ್ಟು. ಹೆಬ್ಬೆರಳು ಕಟ್ಟಿಟ್ಟ ಬಹುಮಾನದ ಹಾಗೆ ಕಾಣುತ್ತಿತ್ತು.

"ಏನಾಯ್ತಮ್ಮ?" ಎಂದು ಮೇಷ್ಟ್ರು ದಾರಿಯಲ್ಲಿ ಕೇಳಿದರು.

"ಸೊಸೆಗೆ ತಲೆನೋವು."

ಮೇಷ್ಟ್ರು ನನ್ನ ಹೆಬ್ಬೆರಳನ್ನು ನೋಡಿದರು. ಓದಿದವರು, ಹೆಚ್ಚು ಕೇಳಲಿಲ್ಲ.

ಆಸ್ಪತ್ರೆ ಎರಡು ಬೀದಿ ಆಚೆ, ಬಸ್ ನಿಲ್ದಾಣದ ಎದುರಿಗೇ. ಡಾಕ್ಟರು ಬಿ.ಪಿ. ನೋಡಿದರು, ಎದೆಗೆ ತಂತಿ ಅಂಟಿಸಿ ಕಾಗದ ಓಡಿಸಿದರು. "ಗಾಬರಿ ಆಗೋಂಥದ್ದು ಇಲ್ಲ. ಹನ್ನೆರಡರವರೆಗೆ ಇಲ್ಲೇ ಬೆಂಚಿನ ಮೇಲಿರಿ, ನೋಡ್ತಿರ್ತೀವಿ," ಎಂದರು. ಬಾಗಿಲ ಹತ್ತಿರ ಹೋದವರು ತಿರುಗಿ, "ತಲೆನೋವು ಹೇಗಿದೆ?" ಎಂದರು. ಅವರದ್ದು ಅಭ್ಯಾಸದ ಮಾತು, ತಪ್ಪಿಲ್ಲ.

ಬೆಂಚಿನ ಮೇಲೆ ನಾವು ಆರು ಜನ. ಒಬ್ಬರಿಗೆ ಕಣ್ಣು, ಒಬ್ಬರಿಗೆ ಮೊಣಕಾಲು, ಹೀಗೆ. ಕಿಟಕಿ ತೆರೆದಿತ್ತು. ಎದುರಿಗೆ ನಿಲ್ದಾಣದ ಕಂಬ, ಕಂಬದ ಮೇಲೆ ಧ್ವನಿವರ್ಧಕ. ಹತ್ತೂವರೆಯಿಂದ ನಾನು ಅದನ್ನೇ ನೋಡುತ್ತಾ ಕೂತೆ. ಮಾತ್ರೆ ಕೆಲಸ ಮಾಡಿತೋ ಇಲ್ಲವೋ. ಅರ್ಧ ಗಂಟೆ ತಡವಾಯಿತಲ್ಲ, ಆ ಅರ್ಧ ಗಂಟೆ ನನ್ನದು. ಧ್ವನಿವರ್ಧಕದಿಂದ ಬರೀ ಯಾವನೋ ಗಂಡಸಿನ ಕೆಮ್ಮು ಬರುತ್ತಿತ್ತು. ಯಂತ್ರಕ್ಕೆ ಕೆಮ್ಮು ಬರುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿದೆ. ಬರುವುದಿಲ್ಲ ಎಂದರು. ಸ್ವಲ್ಪ ಸಮಾಧಾನವಾಯಿತು.

ಹನ್ನೊಂದು ಹೊಡೆಯಿತು. ಧ್ವನಿವರ್ಧಕ ಗರ್ ಎಂದಿತು.

"ಪ್ರಯಾಣಿಕರ ಗಮನಕ್ಕೆ."

ನನ್ನ ಸೊಸೆ. ಮೊದಲ ಮಾತು ಸ್ವಲ್ಪ ತೆಳ್ಳಗಿತ್ತು, ಒಗೆದ ಮೇಲೆ ಇನ್ನೂ ಇಸ್ತ್ರಿ ಕಾಣದ ಬಟ್ಟೆಯ ಹಾಗೆ. ಎರಡನೇ ಮಾತಿಗೆ ನೆಟ್ಟಗಾಯಿತು. ಹನ್ನೊಂದೂ ಹತ್ತರ ಬಸ್ಸು ಎರಡನೇ ಪ್ಲಾಟ್‌ಫಾರ್ಮು. ಹನ್ನೊಂದೂ ಕಾಲಿನದು ಐದನೇ ಪ್ಲಾಟ್‌ಫಾರ್ಮು. ಮೇಷ್ಟ್ರು ಕಿಟಕಿಯಿಂದ ಬಗ್ಗಿ ಬಸ್ಸುಗಳ ಹಣೆಯ ಮೇಲಿನ ಫಲಕ ನೋಡಿ, ಉತ್ತರ ಪತ್ರಿಕೆ ತಿದ್ದಿದಂತೆ ಪ್ರತಿಯೊಂದಕ್ಕೂ "ಸರಿ" ಎನ್ನುತ್ತಿದ್ದರು. ಏಳು ಬಸ್ಸು, ಏಳು ಸರಿ. ನನ್ನ ಕುತ್ತಿಗೆಯ ಮೇಲಿನ ಗಂಟು ಇಳಿಯತೊಡಗಿತು. ಪಕ್ಕದ ಮೊಣಕಾಲಿನವರಿಗೆ, "ನನ್ನ ಸೊಸೆ," ಎಂದು ಹೇಳಿಯೂ ಬಿಟ್ಟೆ. ಅವರು ಇನ್ನೊಬ್ಬರಿಗೆ ಹೇಳಿದರು. ಇಡೀ ಬೆಂಚು ನನ್ನ ಕಡೆ ನೋಡಿ ಮೆಚ್ಚಿ ತಲೆದೂಗಿತು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅಧಿಕಾರಿಗೆ ಕೊನೆಯ ಪರೀಕ್ಷೆ ಒಂದು ಬಾಕಿಯಿತ್ತಂತೆ. ಬರೆದುಕೊಟ್ಟದ್ದನ್ನು ಯಂತ್ರವೂ ಓದುತ್ತದೆ. ಕಾಣೆಯಾದವರ ಬಗ್ಗೆ ಒಂದು ಪ್ರಕಟಣೆಯನ್ನು ಈಗಿಂದೀಗಲೇ, ಸ್ವಂತವಾಗಿ ಕಟ್ಟಿ ಹೇಳಬೇಕು ಎಂದರಂತೆ. ಆಮೇಲೆ ಧ್ವನಿವರ್ಧಕ ನಿಲ್ದಾಣಕ್ಕೂ ಎರಡು ಬೀದಿಗೂ ಕೇಳಿಸುವಂತೆ ಹೇಳಿತು:

"ಪ್ರಯಾಣಿಕರ ಗಮನಕ್ಕೆ. ಸುಮಾರು ಎಪ್ಪತ್ತು ವರ್ಷದ, ಗೋಧಿ ಮೈಬಣ್ಣದ, ಬಲಗೈ ಹೆಬ್ಬೆರಳಿಗೆ ಹತ್ತಿ ಸುತ್ತಿಕೊಂಡಿರುವ ಹಿರಿಯ ಮಹಿಳೆಯೊಬ್ಬರು ಇಂದು ಬೆಳಿಗ್ಗೆಯಿಂದ ಮನೆಯಲ್ಲಿಲ್ಲ. ಹೇಳಿದ ಮಾತನ್ನು ಒಂದಕ್ಷರವೂ ಬಿಡದೆ ತಿರುಗಿ ಒಪ್ಪಿಸುವುದು ಇವರ ಗುರುತು. ಇವರು ಮನೆಯವರಿಗೆ ಬಹಳ ಬೇಕಾದವರು. ಕಂಡವರು ದಯವಿಟ್ಟು ಗೌರವದಿಂದ ಕೂರಿಸಬೇಕು. ಆದರೆ ಯಾವುದೇ ಕಾರಣಕ್ಕೂ ಇವರ ಕೈಗೆ ಬಾಟಲಿ, ಡಬ್ಬಿ ಅಥವಾ ಪೆನ್ನು ಕೊಡಬಾರದೆಂದು ಕೋರಲಾಗಿದೆ."

ಬೆಂಚಿನ ಮೇಲಿದ್ದ ಎಲ್ಲರ ಕಣ್ಣೂ ನಿಧಾನವಾಗಿ ನನ್ನ ಹೆಬ್ಬೆರಳಿಗೆ ಬಂದು ಕೂತವು. ಮೊಣಕಾಲಿನವರು ನಮ್ಮಿಬ್ಬರ ನಡುವೆ ಇದ್ದ ತಮ್ಮ ನೀರಿನ ಬಾಟಲಿಯನ್ನು ಸದ್ದಾಗದಂತೆ ಎತ್ತಿ ಆಚೆ ಕಡೆ ಇಟ್ಟುಕೊಂಡರು. ಮೇಷ್ಟ್ರು ಜೇಬಿನ ಪೆನ್ನನ್ನು ಮುಟ್ಟಿ ನೋಡಿಕೊಂಡು, "ಸರಿ," ಎಂದರು.

ಹನ್ನೆರಡಕ್ಕೆ ಡಾಕ್ಟರು ಹೊರಡಬಹುದೆಂದರು. ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ನರ್ಸಮ್ಮ ಪೆನ್ನು ಚಾಚಿದವಳು ಅರ್ಧಕ್ಕೆ ನಿಂತಳು, ಕೈ ಹಿಂದಕ್ಕೆ ತೆಗೆದುಕೊಂಡಳು. "ನೀವು ಬಾಯಲ್ಲಿ ಹೇಳಿ ಸಾಕಮ್ಮ, ನಾನೇ ಬರ್ಕೋತೀನಿ," ಎಂದಳು.

ಸಂಜೆ ಸೊಸೆ ಮನೆಗೆ ಬಂದಳು. ಮುಖ ಇನ್ನೂ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಎರಡೂ ನನ್ನ ಪೂರ್ತಿ ಮುಖ ನೋಡುತ್ತಿದ್ದವು. ಕೆಲಸ ಖಾಯಂ ಆಗಿತ್ತು. ಯಂತ್ರ ಬೇಡ ಎಂದು ಅಧಿಕಾರಿ ಅಲ್ಲೇ ಬರೆದರಂತೆ. ಕೊನೆಯ ಪ್ರಕಟಣೆಯನ್ನು ಇನ್ನೊಂದು ಸಲ ಹೇಳಿಸಿ ಕೇಳಿ, ಮಾದರಿಯಾಗಿ ಇಟ್ಟುಕೊಳ್ಳುತ್ತೇವೆ ಎಂದರಂತೆ.

"ಮಾವ ಎಲ್ಲಾ ಹೇಳಿದ್ರು," ಎಂದಳು ನನ್ನ ಹತ್ತಿರ ಕೂತು. "ಆ ಗಳಿಗೇಲಿ ಇನ್ಯಾರೂ ನೆನಪಿಗೆ ಬರ್ಲಿಲ್ಲ ಅತ್ತೆ. ಕೋಪಾನಾ?"

"ಕೋಪ ಯಾಕೆ. ಚೆನ್ನಾಗಿತ್ತು. ಒಂದು ತಪ್ಪಿತ್ತು, ಅಷ್ಟೇ."

"ಏನು ತಪ್ಪು?"

"ಎಪ್ಪತ್ತಲ್ಲ, ಅರವತ್ತೊಂಬತ್ತು."

ಅವಳು ನಕ್ಕಳು. ಆಮೇಲೆ ಚೀಲದಿಂದ ಹೊಸ ಡಬ್ಬಿ ತೆಗೆದಳು. ಹಸಿರು. ಆ ಮಾತ್ರೆಯೇ ಒಗ್ಗಿತೆಂದು ಡಾಕ್ಟರು ಅದನ್ನೇ ಕೊಟ್ಟಿದ್ದರು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಡಬ್ಬಿ ನನ್ನ ಕೈಯ ಮೇಲಿನಿಂದ ಹಾದು ಯಜಮಾನರ ಕೈಗೆ ಹೋಯಿತು.

"ಮುಂದಿನ ಸಲ ಮಾವ ಕೊಡ್ಲಿ ಅತ್ತೆ. ನೀವು ಪಕ್ಕದಲ್ಲಿ ನಿಂತು ಹೇಗೆ ಅಂತ ಹೇಳಿ, ನಿಮ್ಮ ಹಾಗೆ ನೆನಪಿಟ್ಟು ಹೇಳೋರು ಯಾರಿದ್ದಾರೆ," ಎಂದಳು. ಒಂದು ಗಳಿಗೆ ಬಿಟ್ಟು, "ಕೈ ಹಿಂದೆ ಕಟ್ಕೊಂಡು," ಎಂದಳು.

ಯಜಮಾನರು ಹೊಸ ಡಬ್ಬಿಯ ಕಾಗದವನ್ನು ಆಗಲೇ ಬಿಚ್ಚಿದ್ದರು.

ಹಿತ್ತಲಲ್ಲಿ ಬೆಳಿಗ್ಗೆ ಒಗೆದು ಹಾಕಿದ್ದ ಹೊದಿಕೆಗಳು ಒಣಗಿ ಬಡಿದುಕೊಳ್ಳುತ್ತಿದ್ದವು. ನಾನು ಬುಟ್ಟಿ ಎತ್ತಿಕೊಂಡು ಹೋಗಿ, ಹೆಬ್ಬೆರಳು ತಾಗದ ಹಾಗೆ ನಾಲ್ಕು ಬೆರಳಲ್ಲೇ ಒಂದೊಂದು ಕ್ಲಿಪ್ಪನ್ನೂ ತೆಗೆದು, ಹೊದಿಕೆಗಳನ್ನು ಬುಟ್ಟಿಗೆ ತುಂಬತೊಡಗಿದೆ.